ತಂತಿ ಎಳೆದರೆ ಸಾಲದು

ಕಾಲೇಜು ಫೆಸ್ಟ್‌ಗಳ ರಾಕ್ ಸ್ಪರ್ಧೆಯಲ್ಲಾಗಲಿ, ಫೋನಿನಲ್ಲಿ ಬೆರಳಾಡಿಸುವಾಗ ಎದುರಾಗುವ ಅರ್ಧ ನಿಮಿಷದ ರೀಲ್‌ಗಳಲ್ಲಾಗಲಿ, ಈಗಿನ ಹುಡುಗ ಹುಡುಗಿಯರ ಗಿಟಾರ್ ಕೇಳಿದರೆ ಮೊದಲು ಬೆರಗಾಗುವುದು ವೇಗಕ್ಕೆ. ಸ್ವೀಪ್, ಟ್ಯಾಪಿಂಗ್ ಎಂಬ ವೇಗದ ಕೈಚಳಕಗಳು, ಮೂರು ತಂತಿ ದಾಟುವ ಓಟಗಳು, ಎಲ್ಲ ನೀಟಾಗಿ ಬರುತ್ತವೆ. ಆದರೆ ಓಟವೆಲ್ಲ ಮುಗಿದು ಕೊನೆಗೊಂದು ಉದ್ದನೆಯ ಸ್ವರದಲ್ಲಿ ನಿಲ್ಲಬೇಕು ನೋಡಿ, ಅಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದು ಶ್ರುತಿ ಏರಿಸಿದಾಗ, ಅಂದರೆ ಬೆಂಡ್ ಮಾಡಿದಾಗ, ಸ್ವರ ಮುಟ್ಟಬೇಕಾದಲ್ಲಿಗೆ ಮುಟ್ಟುವುದಿಲ್ಲ. ಕೂದಲೆಳೆಯಷ್ಟು ಕೆಳಗೇ ಉಳಿದುಬಿಡುತ್ತದೆ. ನುಡಿಸುವವರಿಗೆ ಅದರ ಪರಿವೆ ಇರುವುದಿಲ್ಲ. ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಮುಖ ಕಿವುಚಿಕೊಂಡು ಅದೇ ತಪ್ಪು ಶ್ರುತಿಯ ಮೇಲೆ ಸ್ವರ ಅಲುಗಿಸುವ ವೈಬ್ರಾಟೊ ಹಾಕುತ್ತಿರುತ್ತಾರೆ. ಸೆಕೆಂಡಿಗೆ ಹದಿನೈದು ಸ್ವರ ತಪ್ಪಿಲ್ಲದೆ ನುಡಿಸುವ ಕೈಗೆ ಒಂದೇ ಒಂದು ಸ್ವರ ಯಾಕೆ ದಕ್ಕುವುದಿಲ್ಲ ಎಂಬ ಪ್ರಶ್ನೆ ತುಂಬ ದಿನದಿಂದ ಕಾಡುತ್ತಿದೆ.

ಮೇಲ್ನೋಟದ ಉತ್ತರ ಸುಲಭ. ಗಿಟಾರಿನ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಗೆರೆ, ಅಂದರೆ ಫ್ರೆಟ್ ಮೇಲೆ ಒತ್ತಿ ನುಡಿಸುವಷ್ಟು ಹೊತ್ತು ಶ್ರುತಿಯ ಹೊಣೆ ಗಿಟಾರ್ ಮಾಡಿದವರದ್ದು. ಏಳನೇ ಫ್ರೆಟ್‌ನಲ್ಲಿ ಎಲ್ಲಿ ಒತ್ತಿದರೂ ಏಳನೇ ಫ್ರೆಟ್‌ನ ಸ್ವರವೇ ಬರುತ್ತದೆ. ತಂತಿಯನ್ನು ಪಕ್ಕಕ್ಕೆ ತಳ್ಳಿದ ಕ್ಷಣ ಆ ಹೊಣೆ ನುಡಿಸುವವರ ಕಿವಿಗೆ ಬರುತ್ತದೆ. ಪಿಟೀಲಿನವರು ಮೊದಲ ದಿನದಿಂದ ಹೊರುವ ಭಾರವನ್ನು ಗಿಟಾರಿನವರು ಬೆಂಡ್ ಮಾಡುವಾಗ ಮಾತ್ರ ಹೊರುತ್ತಾರೆ, ಹಾಗಾಗಿ ಅಭ್ಯಾಸವೂ ಕಡಿಮೆ. ಇಷ್ಟು ಸರಿಯೇ. ಆದರೆ ಕಲಿಯುವವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಬೇರೆ: ಬೆರಳಿಗೆ ಇನ್ನೂ ಬಲ ಬಂದಿಲ್ಲ. ಅಷ್ಟು ಹೇಳಿ ಸ್ಪ್ರಿಂಗ್ ಇರುವ ಬೆರಳ ಕಸರತ್ತಿನ ಸಾಧನ ಕೊಳ್ಳುತ್ತಾರೆ. ಈ ಬಲದ ಮಾತು ಎಷ್ಟು ನಿಜ ಎಂದು ಲೆಕ್ಕ ಹಾಕಿಯೇ ನೋಡೋಣ.

ಮೂರನೇ ತಂತಿಯ ಗುಟ್ಟು

ತಂತಿಯ ಶ್ರುತಿ ಅದರ ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಎರಡು ಫ್ರೆಟ್‌ನಷ್ಟು ಮೇಲೇರಬೇಕು, ಅಂದರೆ ಫುಲ್ ಬೆಂಡ್ ಆಗಬೇಕು ಎಂದರೆ ಬಿಗಿತ ಶೇಕಡಾ 26ರಷ್ಟು ಹೆಚ್ಚಬೇಕು. ಸಾಮಾನ್ಯವಾಗಿ ಎಲ್ಲರೂ ಹಾಕುವ 10 ಗೇಜ್ ಸೆಟ್ ತೆಗೆದುಕೊಳ್ಳಿ: ಸಣ್ಣ ಮೊದಲನೇ ತಂತಿಯಿಂದ ಆರನೆಯದರವರೆಗೆ ದಪ್ಪ, ಅಂದರೆ ಗೇಜ್, 10, 13, 17, 26, 36, 46, ಎಲ್ಲವೂ ಇಂಚಿನ ಸಾವಿರದ ಭಾಗಗಳಲ್ಲಿ. ಸ್ಟ್ರಾಟೊಕಾಸ್ಟರ್‌ನಂಥ ಇಪ್ಪತ್ತೈದೂವರೆ ಇಂಚಿನ ಸ್ಕೇಲ್‌ನ (ನುಡಿಯುವ ತಂತಿಯ ಉದ್ದ) ಗಿಟಾರಿನಲ್ಲಿ 17 ಗೇಜಿನ ಮೂರನೇ ತಂತಿ ಸುಮಾರು ಏಳೂವರೆ ಕೆಜಿ ಬಿಗಿತದಲ್ಲಿ ಇರುತ್ತದೆ. ಫುಲ್ ಬೆಂಡ್ ಆದಾಗ ಅದು ಒಂಬತ್ತೂವರೆ ಕೆಜಿ. ಇದಕ್ಕಾಗಿ ಉಕ್ಕಿನ ತಂತಿ ಉದ್ದದಲ್ಲಿ ಹಿಗ್ಗಬೇಕಾದ್ದು ಅರ್ಧ ಮಿಲಿಮೀಟರಿಗೂ ಕಡಿಮೆ! ಹನ್ನೆರಡನೇ ಫ್ರೆಟ್‌ನಲ್ಲಿ ತಂತಿಯನ್ನು ಪಕ್ಕಕ್ಕೆ ಹನ್ನೆರಡು ಮಿಲಿಮೀಟರ್ ಆಸುಪಾಸು ತಳ್ಳಿದರೆ ಅಷ್ಟು ಹಿಗ್ಗುತ್ತದೆ. ಅದಕ್ಕೆ ಪಕ್ಕದಿಂದ ಬೇಕಾದ ಬಲ, ಫ್ರೆಟ್‌ನ ಘರ್ಷಣೆ ಬಿಟ್ಟು, ಸುಮಾರು ಮುಕ್ಕಾಲು ಕೆಜಿ. ತರಕಾರಿ ಚೀಲ ಹಿಡಿಯುವ ಯಾವ ಕೈಗೂ ಇದು ಬಲದ ಪ್ರಶ್ನೆಯಲ್ಲ.

ಇದೇ ಲೆಕ್ಕವನ್ನು ಮೊದಲನೇ ತಂತಿಗೆ ಹಾಕಿದರೆ ಚಿತ್ರ ಬದಲಾಗುತ್ತದೆ. 10 ಗೇಜಿನ ಮೊದಲ ತಂತಿಯ ಬಿಗಿತವೂ ಹೆಚ್ಚುಕಡಿಮೆ ಅಷ್ಟೇ, ಏಳು ಕೆಜಿ ಮೇಲೆ ಸ್ವಲ್ಪ. ಆದರೆ ಅದು ಸಣ್ಣ, ಅಡ್ಡಕೊಯ್ತದ ಅಳತೆ ಮೂರನೇ ತಂತಿಯ ಮೂರನೇ ಒಂದರಷ್ಟು. ಹಾಗಾಗಿ ಅದೇ ಬಿಗಿತ ಹೆಚ್ಚಲು ಅದು ಹೆಚ್ಚುಕಡಿಮೆ ಮೂರು ಪಟ್ಟು ಹಿಗ್ಗಬೇಕು, ಪಕ್ಕಕ್ಕೆ ಸುಮಾರು ಇಪ್ಪತ್ತು ಮಿಲಿಮೀಟರ್ ಹೋಗಬೇಕು. ಬೆರಳು ಎರಡು ತಂತಿಗಳನ್ನು ದಾಟಿ ಮೂರನೆಯದರ ಹತ್ತಿರ ಹೋಗಿರುತ್ತದೆ. ಇಲ್ಲೇ ಇದೆ ಮೊದಲ ಎಡವಟ್ಟು. ಮೂರನೇ ತಂತಿಯಲ್ಲಿ ಕಲಿತ ದೂರವನ್ನೇ ಕೈ ಮೊದಲನೇ ತಂತಿಯಲ್ಲೂ ಸವೆಸಿ ನಿಂತರೆ ಸ್ವರ ಕೆಳಗೇ ಉಳಿಯುತ್ತದೆ. ಮೊದಲನೆಯದರಲ್ಲಿ ಕಲಿತದ್ದನ್ನು ಮೂರನೆಯದಕ್ಕೆ ತಂದರೆ ಮೇಲೆ ಹಾರುತ್ತದೆ. ಜಾಗ ಬದಲಾದರೂ ಹೀಗೆಯೇ. ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ, ಅಂದರೆ ನಟ್ ಹತ್ತಿರ, ಎರಡು ಮೂರನೇ ಫ್ರೆಟ್‌ನಲ್ಲಿ, ತಂತಿ ಹೋಗಬೇಕಾದ ದೂರ ಕಡಿಮೆ, ಬೇಕಾದ ಬಲ ಹೆಚ್ಚು. ಹನ್ನೆರಡರ ಬಳಿ ದೂರ ಹೆಚ್ಚು, ಬಲ ಕಡಿಮೆ. ದೂರವನ್ನು ಸ್ನಾಯುಗಳಿಗೆ ಬಾಯಿಪಾಠ ಮಾಡಿಸುತ್ತೇನೆ ಎನ್ನುವವರು ಆರು ತಂತಿ, ಇಪ್ಪತ್ತೆರಡು ಫ್ರೆಟ್‌ಗಳಿಗೆ ಬೇರೆ ಬೇರೆ ಪಾಠ ಕಲಿಸಬೇಕಾಗುತ್ತದೆ. ಗಿಟಾರ್ ಬದಲಾದರೆ ಮತ್ತೆ ಮೊದಲಿನಿಂದ.

ಗುಟ್ಟು ಎಂದದ್ದು ಇದಕ್ಕಲ್ಲ. ಹಳೆಯ ಸೆಟ್‌ಗಳಲ್ಲಿ ಮೂರನೇ ತಂತಿ ಬರಿ ತಂತಿಯಾಗಿರಲಿಲ್ಲ, ಸುತ್ತು ತಂತಿಯಾಗಿತ್ತು. ಸುತ್ತು ತಂತಿಯಲ್ಲಿ ಬಿಗಿತ ಹೊರುವುದು ಒಳಗಿನ ಸಣ್ಣ ಉಕ್ಕಿನ ಎಳೆ ಮಾತ್ರ. ಮೇಲಿನ ಸುತ್ತು ಬರೀ ತೂಕ. ಆದ್ದರಿಂದ ಎಷ್ಟು ತಳ್ಳಿದರೂ ಶ್ರುತಿ ಏರುವುದು ನಿಧಾನ. ಅಗ್ಗದ ಅಕೂಸ್ಟಿಕ್ ಗಿಟಾರಿನಲ್ಲಿ ಕಲಿತವರಿಗೆ ಇದು ಅನುಭವದ ಮಾತು: ಸುತ್ತಿನ ಮೂರನೇ ತಂತಿ, ಅದರ ಮೇಲೆ ನಾಲ್ಕು ಮಿಲಿಮೀಟರ್ ಆಕ್ಷನ್, ಅಂದರೆ ಫ್ರೆಟ್‌ಗಳಿಂದ ತಂತಿಗಿರುವ ಎತ್ತರ. ಅದರಲ್ಲಿ ಬೆಂಡ್ ಬರಲಿಲ್ಲವೆಂದು ಬೆರಳನ್ನು ಬೈದುಕೊಳ್ಳುವುದು ಅನ್ಯಾಯ. 1950ರ ದಶಕದ ಅಮೆರಿಕದ ಗಿಟಾರಿಗರು ಇದಕ್ಕೊಂದು ಅಡ್ಡದಾರಿ ಕಂಡುಕೊಂಡಿದ್ದರು. ಸೆಟ್‌ನ ದಪ್ಪ ಆರನೇ ತಂತಿಯನ್ನು ಬಿಸಾಡಿ, ಮೊದಲನೇ ಜಾಗಕ್ಕೆ ಬ್ಯಾಂಜೊ ವಾದ್ಯದ ಸಣ್ಣ ತಂತಿ ಹಾಕಿ, ಉಳಿದವನ್ನು ಒಂದೊಂದು ಮನೆ ಸರಿಸುವುದು. ಗಾಯಕ ರಿಕಿ ನೆಲ್ಸನ್ ಜೊತೆ ನುಡಿಸುತ್ತಿದ್ದ ಜೇಮ್ಸ್ ಬರ್ಟನ್ ಬ್ಯಾಂಜೊ ತಂತಿಗಳಿಗೇ ಹೆಸರಾದವರು. ಕ್ಯಾಲಿಫೋರ್ನಿಯಾದಲ್ಲಿ ಗಿಟಾರ್ ಅಂಗಡಿ ಇಟ್ಟು ಪಾಠವನ್ನೂ ಹೇಳುತ್ತಿದ್ದ ಅರ್ನಿ ಬಾಲ್, ಕಲಿಯುವ ಮಕ್ಕಳು ಇದೇ ಮೂರನೇ ತಂತಿಯೊಂದಿಗೆ ಒದ್ದಾಡುವುದನ್ನು ನೋಡಿ 1960ರ ದಶಕದ ಆರಂಭದಲ್ಲಿ ಹಗುರ ಸೆಟ್ ಮಾಡಿಸಿ ಮಾರತೊಡಗಿದರು. ಸ್ಲಿಂಕಿ ಎಂಬ ಆ ಪೊಟ್ಟಣ ಇವತ್ತಿಗೂ ಅಂಗಡಿಗಳಲ್ಲಿ ನೇತಾಡುತ್ತಿದೆ. ರಾಕ್ ಗಿಟಾರ್ ಅಂದಾಗ ಕಿವಿಯಲ್ಲಿ ಮೊಳಗುವ ಆ ಅಳುವ ಸ್ವರದ ಹಿಂದೆ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್), ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಎಷ್ಟಿದೆಯೋ ಸುತ್ತು ಕಳಚಿದ ಮೂರನೇ ತಂತಿಯೂ ಅಷ್ಟೇ ಇದೆ. ಆಂಪ್‌ಗಳ ಬಗ್ಗೆ ಪುಸ್ತಕಗಟ್ಟಲೆ ಬರೆಯುತ್ತಾರೆ, ಈ ಬಡಪಾಯಿ ತಂತಿಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಬೆರಳ ತುದಿಯೇ ಇಲ್ಲದವನು

ಬಲದ ಮಾತು ಎತ್ತುವವರಿಗೆ ಬ್ಲ್ಯಾಕ್ ಸಬಾತ್ ಬ್ಯಾಂಡಿನ ಗಿಟಾರಿಗ ಟೋನಿ ಐಯೋಮಿಯ ಕತೆ ಹೇಳಬೇಕು. ಎಲ್ಲರಿಗೂ ಗೊತ್ತಿರುವ ಕತೆಯೇ, ಆದರೆ ಅದರಲ್ಲಿ ಕೇಳಬೇಕಾದ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. 1965, ಬರ್ಮಿಂಗ್‌ಹ್ಯಾಮ್‌ನ ಲೋಹದ ತಗಡಿನ ಕಾರ್ಖಾನೆ. ಹದಿನೇಳು ವರ್ಷದ ಹುಡುಗನಿಗೆ ಅದು ಕೆಲಸದ ಕೊನೆಯ ದಿನ. ಮುಂದೆ ಬ್ಯಾಂಡ್ ಜೊತೆ ಯುರೋಪಿಗೆ ಹೋಗುವುದಿತ್ತು. ಮಾಮೂಲಿ ಬರುವ ಕೆಲಸಗಾರರು ಬರದ ಕಾರಣ ಅವನನ್ನು ಒತ್ತುಯಂತ್ರದ ಮುಂದೆ ನಿಲ್ಲಿಸಿದರು. ಯಂತ್ರ ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿಯನ್ನು ಕಚ್ಚಿಕೊಂಡು ಹೋಯಿತು. ಐಯೋಮಿ ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಮನೆಯಲ್ಲಿ ಕುಗ್ಗಿ ಕುಳಿತಿದ್ದವನಿಗೆ ಕಾರ್ಖಾನೆಯ ಮೇಲಧಿಕಾರಿ ಜಾಝ್ ಗಿಟಾರಿಗ ಜಾಂಗೊ ರೈನ್‌ಹಾರ್ಟ್‌ರ ರೆಕಾರ್ಡ್ ತಂದು ಕೇಳಿಸಿದರು. ಬೆಂಕಿ ಅಪಘಾತದಲ್ಲಿ ಎರಡು ಬೆರಳು ಸೆಟೆದುಹೋದ ಮೇಲೂ ನುಡಿಸಿದ ಕೈ ಅದು. ಹುಡುಗ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೋಪಿ ಮಾಡಿ, ಅದರ ತುದಿಗೆ ಹಳೆಯ ತೊಗಲು ಅಂಟಿಸಿಕೊಂಡ. ಬರೀ ಪ್ಲಾಸ್ಟಿಕ್ ತಂತಿಯ ಮೇಲೆ ಜಾರುತ್ತಿತ್ತು, ತೊಗಲು ಹಿಡಿಯುತ್ತಿತ್ತು. ಅಲ್ಲಿ ಇನ್ನೂ ಹಗುರ ಸೆಟ್ ಸಿಗದ ಕಾಲ, ಅವನೂ ಬ್ಯಾಂಜೊ ತಂತಿಗೇ ಮೊರೆಹೋದ.

ಬಿಟ್ಟುಹೋಗುವ ಭಾಗ ಇದು. ಆ ಎರಡು ಬೆರಳುಗಳಿಗೆ ತಂತಿಯ ಸ್ಪರ್ಶ ತಿಳಿಯುವುದೇ ಇಲ್ಲ. ಎಷ್ಟು ಒತ್ತಿದೆ, ತಂತಿ ಎಲ್ಲಿದೆ, ಎಷ್ಟು ತಳ್ಳಿದ್ದೇನೆ ಎಂದು ಚರ್ಮ ಹೇಳುವುದಿಲ್ಲ, ಕಿವಿಯೇ ಹೇಳಬೇಕು. ಆದರೂ ಬ್ಲ್ಯಾಕ್ ಸಬಾತ್‌ನ ಸೋಲೊಗಳಲ್ಲಿ ಐಯೋಮಿಯ ಬೆಂಡ್‌ಗಳು ತಲುಪಬೇಕಾದಲ್ಲಿಗೇ ತಲುಪುತ್ತವೆ, ಮೇಲೆ ಹಾಕುವ ಅಗಲವಾದ ವೈಬ್ರಾಟೊ ಕೂಡ. 1971ರ ಮೂರನೇ ಆಲ್ಬಮ್ ಹೊತ್ತಿಗೆ ಇಡೀ ಗಿಟಾರನ್ನು ಮೂರು ಫ್ರೆಟ್‌ನಷ್ಟು ಕೆಳಗಿಳಿಸಿದರು, ಅಂದರೆ ಬಿಗಿತದಲ್ಲಿ ಶೇಕಡಾ 29 ಇಳಿಕೆ. ಕೈಗೆ ಸಲೀಸು ಮಾಡಿಕೊಳ್ಳುವ ಈ ಉಪಾಯದಿಂದ ದಪ್ಪನೆಯ, ಕತ್ತಲು ಕವಿದಂಥ ನಾದ ಹುಟ್ಟಿ ಮುಂದೆ ಹೆವಿ ಮೆಟಲ್ ಎಂಬ ಇಡೀ ಪ್ರಕಾರಕ್ಕೆ ಗುರುತಾಯಿತು.

ಇದರ ಎದುರು ತುದಿಯಲ್ಲಿ ಟೆಕ್ಸಸ್‌ನ ಬ್ಲೂಸ್ ಗಿಟಾರಿಗ ಸ್ಟೀವಿ ರೇ ವಾನ್. ಮೊದಲನೇ ತಂತಿಯೇ 13 ಗೇಜ್. ಅರ್ಧ ಸ್ವರ ಇಳಿಸಿ ನುಡಿಸುತ್ತಿದ್ದುದರಿಂದ ಬಿಗಿತ ಹನ್ನೆರಡು ಕೆಜಿಯಿಂದ ಹನ್ನೊಂದಕ್ಕೆ ಬರುತ್ತಿತ್ತು, ಅಷ್ಟೇ. ಬೆರಳ ತುದಿ ಹರಿದಾಗ ಸೂಪರ್ ಗ್ಲೂ ಹಚ್ಚಿ ಅಂಟಿಸಿಕೊಂಡು ನುಡಿಸುತ್ತಿದ್ದರು. ಟೆಕ್ಸಸ್‌ನವರೇ ಆದ ಝೀಝೀ ಟಾಪ್ ಬ್ಯಾಂಡಿನ ಬಿಲ್ಲಿ ಗಿಬನ್ಸ್‌ಗೆ ಬ್ಲೂಸ್ ಗಿಟಾರಿಗ ಬಿ.ಬಿ. ಕಿಂಗ್ ಕೊಟ್ಟ ಬುದ್ಧಿಮಾತು ಬೇರೆ: ಇಷ್ಟು ದಪ್ಪ ತಂತಿಯೊಂದಿಗೆ ಯಾಕೆ ಗುದ್ದಾಡುತ್ತೀಯ ಎಂಬ ಅರ್ಥದ್ದು. ಗಿಬನ್ಸ್ 7 ಗೇಜಿಗೆ ಇಳಿದರು, ಅಂದರೆ ಮೂರೂವರೆ ಕೆಜಿ ಚಿಲ್ಲರೆ. ವಾನ್, ಗಿಬನ್ಸ್ ಇಬ್ಬರ ನಾದವೂ ದಪ್ಪವೇ. ದಪ್ಪ ತಂತಿ ಹಾಕಿದರೆ ವಾನ್ ಥರ ಕೇಳಿಸುತ್ತದೆ ಎಂದು ಹುಡುಗರು ಮಣಿಕಟ್ಟು ಕೆಡಿಸಿಕೊಳ್ಳುವುದನ್ನು ನೋಡಿದರೆ ಬೇಸರವಾಗುತ್ತದೆ. ಆ ನಾದ ವಾನ್‌ರ ಬಲಗೈಯ ಹೊಡೆತದಲ್ಲೂ ಇತ್ತು. 13 ಗೇಜ್ ಆ ಹೊಡೆತ ತಡೆದುಕೊಳ್ಳಲು. ಹೊಸಬರಿಗೆ 9 ಸೆಟ್ ಸಾಕು. 24 ಮುಕ್ಕಾಲು ಇಂಚಿನ ಲೆಸ್ ಪಾಲ್ ಥರದ ಗಿಟಾರ್ ಇದ್ದರೆ 10 ಹಾಕಬಹುದು. ಅದೇ ತಂತಿ ಅದರಲ್ಲಿ ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್) ಗಿಟಾರಿಗಿಂತ ಶೇಕಡಾ 6ರಷ್ಟು ಮೆತ್ತಗೆ.

ಬೆರಳು ತಳ್ಳುವುದಿಲ್ಲ, ಮುಂಗೈ ತಿರುಗುತ್ತದೆ

ಮೂರನೇ ತಂತಿಯ ಏಳನೇ ಫ್ರೆಟ್ ಮೇಲೆ ಉಂಗುರಬೆರಳು ಇಡಿ. ನಡುಬೆರಳು ಆರರ ಮೇಲೆ, ತೋರುಬೆರಳು ಐದರ ಮೇಲೆ, ಮೂರೂ ಅದೇ ತಂತಿಯ ಮೇಲೆ. ಹೆಬ್ಬೆರಳು ಗಿಟಾರಿನ ಕತ್ತಿನ ಮೇಲಂಚಿಗೆ ಕೊಕ್ಕೆ ಹಾಕಿದಂತೆ ಬರಲಿ. ಕ್ಲಾಸಿಕಲ್ ಪಾಠದಲ್ಲಿ ಹೇಳುವ, ಹೆಬ್ಬೆರಳನ್ನು ಕತ್ತಿನ ಹಿಂದೆ ನಡುವಿನಲ್ಲಿಡುವ ಭಂಗಿ ಇಲ್ಲಿ ಕೆಲಸ ಮಾಡುವುದಿಲ್ಲ. ತೋರುಬೆರಳಿನ ಬುಡದ ಪಕ್ಕ ಕತ್ತಿನ ಕೆಳಅಂಚಿಗೆ ತಾಗಿರಬೇಕು. ಅದೇ ಕೀಲು. ಈಗ ಬೆರಳುಗಳನ್ನು ಬಿಚ್ಚಿ ಮಡಚದೆ, ಅವು ಬಾಗಿದ ಆಕಾರ ಹಾಗೇ ಇಟ್ಟುಕೊಂಡು, ಬಾಗಿಲ ಹಿಡಿ ತಿರುಗಿಸುವ ಹಾಗೆ ಮುಂಗೈ ತಿರುಗಿಸಿ. ತಂತಿ ನಾಲ್ಕನೆಯದರ ಕಡೆಗೆ ಜಾರುತ್ತದೆ. ಬರೀ ಬೆರಳು ಚಾಚಿ ತಳ್ಳುವವರ ಉಗುರಿನ ಬುಡ ಬೆಳ್ಳಗಾಗುತ್ತದೆ, ಎರಡು ನಿಮಿಷದಲ್ಲಿ ಮುಂಗೈ ನೋಯುತ್ತದೆ, ಸ್ವರ ನಡುಗುತ್ತದೆ. ಮೇಲುಸ್ವರದ ಮೂರು ಸಣ್ಣ ತಂತಿಗಳನ್ನು ನೆತ್ತಿಯ ಕಡೆಗೆ ತಳ್ಳುವುದು, ಕೆಳಸ್ವರದ ತಂತಿಗಳನ್ನು ನೆಲದ ಕಡೆಗೆ ಎಳೆಯುವುದು ರೂಢಿ. ಮೂರನೆಯದನ್ನು ಎರಡೂ ಕಡೆಗೆ ಕಲಿತಿರುವುದು ಒಳ್ಳೆಯದು, ತೋರುಬೆರಳಿನಿಂದ ಮಾಡುವ ಬೆಂಡ್‌ಗೆ ಎಳೆಯುವುದೇ ಸುಲಭ.

ಎಳೆಯುವುದರ ಬಲ ಎಷ್ಟೆಂದು ಬ್ಲೂಸ್ ಗಿಟಾರಿಗ ಆಲ್ಬರ್ಟ್ ಕಿಂಗ್ ತೋರಿಸಿದರು. ಎಡಚರಾದ ಅವರು ಬಲಗೈಯವರ ಗಿಟಾರನ್ನು ತಂತಿ ಬದಲಿಸದೆ ತಲೆಕೆಳಗಾಗಿ ಹಿಡಿಯುತ್ತಿದ್ದರು. ಸಣ್ಣ ತಂತಿಗಳು ಮೇಲೆ, ದಪ್ಪನೆಯವು ನೆಲದ ಕಡೆ. ಹಾಗಾಗಿ ಎಲ್ಲರೂ ಹೊರಕ್ಕೆ ತಳ್ಳುವ ತಂತಿಯನ್ನು ಅವರು ಮುಷ್ಟಿ ಮುಚ್ಚುವ ದಿಕ್ಕಿಗೇ ಎಳೆಯುತ್ತಿದ್ದರು, ಅದೂ ಶ್ರುತಿ ಚೆನ್ನಾಗಿ ಕೆಳಗಿಳಿಸಿದ ತಂತಿಗಳನ್ನು. 1967ರಲ್ಲಿ ಅವರ ಮೆಂಫಿಸ್ ಧ್ವನಿಮುದ್ರಣಗಳು ಆಲ್ಬಮ್ ಆಗಿ ಹೊರಬಂದ ವರ್ಷವೇ ಲಂಡನ್ನಿನ ಎರಿಕ್ ಕ್ಲಾಪ್ಟನ್ ಕ್ರೀಮ್ ಬ್ಯಾಂಡಿನಲ್ಲಿ ಅದೇ ಪದಗುಚ್ಛಗಳನ್ನು ನುಡಿಸುತ್ತಿದ್ದರು, ಮಾಮೂಲಿ ಗಿಟಾರಿನಲ್ಲಿ ತಳ್ಳಿಕೊಂಡು. (ಜಿಮಿ ಹೆಂಡ್ರಿಕ್ಸ್ ಕೂಡ ತಲೆಕೆಳಗಾದ ಗಿಟಾರ್ ಹಿಡಿದವರೇ, ಆದರೆ ತಂತಿಗಳನ್ನು ಅದಲುಬದಲು ಹಾಕಿಸಿಕೊಂಡಿದ್ದರು. ಅವರ ಬೆಂಡ್ ಎಲ್ಲರಂತೆಯೇ. ಇಬ್ಬರನ್ನೂ ಒಂದೇ ಗುಂಪಿಗೆ ಸೇರಿಸುವ ಬರಹಗಳು ಇವತ್ತಿಗೂ ಬರುತ್ತವೆ.)

ಕೈಯ ಇನ್ನೊಂದು ಕೆಲಸ ಸದ್ದಡಗಿಸುವುದು. ಡಿಸ್ಟಾರ್ಷನ್ ಇಲ್ಲದೆ ಅಭ್ಯಾಸ ಮಾಡಿದವರು ಆಂಪ್ ಜೋರು ಮಾಡಿದ ಕೂಡಲೇ ಗಾಬರಿಯಾಗುವುದು ಇಲ್ಲಿಯೇ. ಮೂರನೇ ತಂತಿ ಮೇಲೇರಿದಾಗ ನಾಲ್ಕನೆಯದನ್ನು ನೂಕುತ್ತದೆ. ಬೆಂಡ್ ಇಳಿಸುವಾಗ ಬೆರಳಿನಡಿ ಸಿಕ್ಕಿಕೊಂಡಿದ್ದ ಆ ತಂತಿ ಚಿಮ್ಮಿ ಗುಂಯ್ ಎನ್ನುತ್ತದೆ. ಬಲ ಅಂಗೈಯ ಅಂಚು ನಾಲ್ಕು, ಐದು, ಆರನೇ ತಂತಿಗಳ ಮೇಲೆ ಅವುಗಳ ಇನ್ನೊಂದು ತುದಿ ಕೂರುವ ಬ್ರಿಡ್ಜ್ ಬಳಿ ಒರಗಿರಬೇಕು. ಉಂಗುರಬೆರಳಿನ ತುದಿ ನಾಲ್ಕನೇ ತಂತಿಯ ಪಕ್ಕಕ್ಕೆ ಒತ್ತಬೇಕೇ ಹೊರತು ಅದರ ಕೆಳಗೆ ನುಸುಳಬಾರದು. ಎಡ ತೋರುಬೆರಳಿನ ಅಡಿಭಾಗ ಚಪ್ಪಟೆಯಾಗಿ ಎರಡು ಮತ್ತು ಒಂದನೇ ತಂತಿಯನ್ನು ಮುಟ್ಟಿರಬೇಕು. ಒಂದು ಸ್ವರ ಕೇಳಿಸಲು ಐದು ತಂತಿ ಸುಮ್ಮನಿರಿಸುವ ಈ ಕೆಲಸಕ್ಕೆ ಚಪ್ಪಾಳೆ ಬೀಳುವುದಿಲ್ಲ.

ಮೊದಲು ಕೇಳು, ಆಮೇಲೆ ಎಳೆ

ಕೈ ಸರಿಹೋದ ಮೇಲೂ ಸ್ವರ ಕೆಳಗೇ ಉಳಿಯುತ್ತದೆ ಎಂದರೆ, ಹೋಗಬೇಕಾದ ಊರು ಯಾವುದೆಂದು ಕಿವಿಗೆ ಗೊತ್ತಿಲ್ಲ ಎಂದೇ ಅರ್ಥ. ಹಾಗಾಗಿ ಬೆಂಡ್ ಮಾಡುವ ಮೊದಲು ಆ ಊರನ್ನು ನೋಡಿ ಬರಬೇಕು. ಮೂರನೇ ತಂತಿಯ ಒಂಬತ್ತನೇ ಫ್ರೆಟ್ ಮೀಟಿ. ಬಾಯಲ್ಲಿ ಆ ಸ್ವರ ಹಾಡಿ, ಗುನುಗಿದರೂ ಸಾಕು. ಈಗ ಏಳನೇ ಫ್ರೆಟ್‌ನಿಂದ ಅಲ್ಲಿಗೆ ಎಳೆಯಿರಿ, ಎಳೆದು ಹಿಡಿದುಕೊಂಡೇ ಮತ್ತೆ ಹಾಡಿ ನೋಡಿ. ಟ್ಯೂನರ್ ಇಟ್ಟುಕೊಂಡು ಮುಳ್ಳು ನೋಡುತ್ತ ಬೆಂಡ್ ಕಲಿಯುವವರಿದ್ದಾರೆ. ತಪ್ಪಿದ್ದು ಗೊತ್ತಾಗುತ್ತದೆ ನಿಜ, ಆದರೆ ಕಣ್ಣು ಕಲಿಯುತ್ತದೆಯೇ ಹೊರತು ಕಿವಿಯಲ್ಲ. ಅದಕ್ಕಿಂತ ಒಳ್ಳೆಯ ಟ್ಯೂನರ್ ಗಿಟಾರಿನಲ್ಲೇ ಇದೆ.

ಎರಡನೇ ತಂತಿಯ ಐದನೇ ಫ್ರೆಟ್ ಮೇಲೆ ತೋರುಬೆರಳು, ಮೂರನೇ ತಂತಿಯ ಏಳನೇ ಫ್ರೆಟ್ ಮೇಲೆ ಉಂಗುರಬೆರಳು. ಎರಡನ್ನೂ ಒಟ್ಟಿಗೆ ಮೀಟಿ, ಮೂರನೆಯದನ್ನು ಮಾತ್ರ ಮೇಲಕ್ಕೆ ತಳ್ಳಿ. ಎರಡನೇ ತಂತಿ 329.6 ಹರ್ಟ್ಸ್‌ನಲ್ಲಿ ಅಲುಗದೆ ನಿಂತಿರುತ್ತದೆ, ಮೂರನೆಯದು 293.7ರಿಂದ ಹೊರಟು ಅದರತ್ತ ಏರುತ್ತದೆ. ಹತ್ತಿರವಾದಂತೆ ಎರಡೂ ಸೇರಿ ವವವವ ಎಂದು ಅಲುಗುವುದು ಕೇಳಿಸುತ್ತದೆ. ಮೂರನೆಯದು 325.6ರಲ್ಲಿದ್ದರೆ ಸೆಕೆಂಡಿಗೆ ನಾಲ್ಕು ಅಲುಗು, 328.6ಕ್ಕೆ ಬಂದರೆ ಒಂದು. ಸೇರಿದಾಗ ಅಲುಗು ಪೂರ್ತಿ ನಿಲ್ಲುತ್ತದೆ. ತಂಬೂರಿ ಶ್ರುತಿ ಮಾಡುವುದನ್ನು ಕೇಳಿದ ಯಾವ ಕಿವಿಗೂ ಇದು ಪರಿಚಿತವೇ. ಹೆಚ್ಚಿನವರು ಬಿಟ್ಟುಬಿಡುವುದು ಸೆಕೆಂಡಿಗೆ ನಾಲ್ಕು ಅಲುಗಿನ ಜಾಗದಲ್ಲಿ, ಅಂದರೆ ಅರ್ಧ ಸ್ವರದ ಐದನೇ ಒಂದು ಪಾಲು ಕೆಳಗೆ. ಆ ರೀಲ್‌ಗಳಲ್ಲಿ ಕೇಳಿಸುವುದೂ ಇಷ್ಟೇ ಕೊರತೆ. ಈ ಅಭ್ಯಾಸವನ್ನು ಮೊದಲು ಡಿಸ್ಟಾರ್ಷನ್ ಇಲ್ಲದೆ ಮಾಡಿ, ಆಮೇಲೆ ಹಾಕಿ ಮಾಡಿ. ಡಿಸ್ಟಾರ್ಷನ್ ಈ ಅಲುಗನ್ನು ದೊಡ್ಡದು ಮಾಡಿ ತೋರಿಸುತ್ತದೆ, ತಪ್ಪು ಮುಚ್ಚಿಹೋಗುವುದಿಲ್ಲ. ಒಂದು ಎಚ್ಚರಿಕೆ: ಸ್ಪ್ರಿಂಗ್‌ಗಳ ಮೇಲೆ ನಿಂತು ಬ್ರಿಡ್ಜನ್ನೇ ಅಲುಗಿಸುವ, ತೇಲುವ ಟ್ರೆಮೊಲೊ ಇರುವ ಗಿಟಾರಿನಲ್ಲಿ ಈ ಪಾಠ ಬೇಡ. ಮೂರನೇ ತಂತಿಯ ಬಿಗಿತ ಎರಡು ಕೆಜಿ ಏರಿದಾಗ ಬ್ರಿಡ್ಜ್ ಮುಂದಕ್ಕೆ ವಾಲುತ್ತದೆ, ಅಲುಗದೆ ನಿಲ್ಲಬೇಕಾದ ಎರಡನೇ ತಂತಿಯೇ ಕೆಳಗಿಳಿಯುತ್ತದೆ. ಗುರಿಯೇ ಓಡುತ್ತಿದ್ದರೆ ಕಿವಿ ಏನು ಮಾಡೀತು. ಕ್ಲಾಪ್ಟನ್ ತಮ್ಮ ಸ್ಟ್ರಾಟ್‌ಗೆ ಐದೂ ಸ್ಪ್ರಿಂಗ್ ಹಾಕಿ, ಹಿಂದೆ ಮರದ ತುಂಡು ಬಿಗಿದು ಬ್ರಿಡ್ಜ್ ಅಲುಗದಂತೆ ಮಾಡಿಕೊಂಡರು.

ಇದರ ನಂತರದ ಮೆಟ್ಟಿಲು ಪ್ರೀ-ಬೆಂಡ್. ಮೀಟುವ ಮೊದಲೇ ತಂತಿಯನ್ನು ಸದ್ದಿಲ್ಲದೆ ಮೇಲೆ ಎಳೆದಿಟ್ಟುಕೊಂಡು, ಆಮೇಲೆ ಮೀಟಿ, ನಿಧಾನವಾಗಿ ಇಳಿಸುವುದು. ಇಲ್ಲಿ ತಿದ್ದಿಕೊಳ್ಳಲು ಅವಕಾಶವೇ ಇಲ್ಲ. ಮೀಟಿದಾಗ ಸ್ವರ ಸರಿಯಿದ್ದರೆ ಸರಿ, ಇಲ್ಲದಿದ್ದರೆ ಎಲ್ಲರಿಗೂ ಕೇಳಿಸಿಯೇಬಿಟ್ಟಿತು. ಸಾಮಾನ್ಯ ಬೆಂಡ್ ಚೆನ್ನಾಗಿ ಬರುವವರೂ ಇದರಲ್ಲಿ ಬಹಳ ದಿನ ತಿಣುಕುತ್ತಾರೆ.

ಗಟ್ಟಿ ಕಿವಿ ಏನು ಮಾಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಪಿಂಕ್ ಫ್ಲಾಯ್ಡ್ ಬ್ಯಾಂಡ್ 1979ರಲ್ಲಿ ಹೊರತಂದ, ಶಾಲಾಮಕ್ಕಳ ಕೋರಸ್ ಇರುವ ‘ಅನದರ್ ಬ್ರಿಕ್ ಇನ್ ದ ವಾಲ್’ ಹಾಡಿನ ಸೋಲೊ. ಡೇವಿಡ್ ಗಿಲ್ಮೋರ್ ಅದಕ್ಕೆ ತಮ್ಮ ಮಾಮೂಲಿ ಸ್ಟ್ರಾಟ್ ಬಿಟ್ಟು 1955ರ ಹೊಂಬಣ್ಣದ ಲೆಸ್ ಪಾಲ್ ಎತ್ತಿಕೊಂಡು, ನೇರವಾಗಿ ಸ್ಟುಡಿಯೊ ಮಿಕ್ಸರಿಗೆ ಜೋಡಿಸಿ ನುಡಿಸಿದರು. ಆ ಸದ್ದನ್ನು ಆಮೇಲೆ ಆಂಪ್ ಮೂಲಕ ಹಾಯಿಸಲಾಯಿತು. ಅದರಲ್ಲಿ ಡಿಸ್ಟಾರ್ಷನ್ ತೀರಾ ತೆಳು. ಅಂಥ ಬತ್ತಲೆ ನಾದದಲ್ಲಿ ಅವರು ಒಂದೇ ಮೀಟಿನಲ್ಲಿ ಒಂದು ಸ್ವರಕ್ಕೆ ಎಳೆದು, ಅಲ್ಲಿ ಕ್ಷಣ ನಿಂತು, ಮತ್ತೆ ಮೀಟದೆ ಅಲ್ಲಿಂದ ಇನ್ನೂ ಮೇಲಿನ ಸ್ವರಕ್ಕೆ ಏರುತ್ತಾರೆ. ಎರಡು ಇಡೀ ಸ್ವರ ಏರಿದರೆ ಏಳೂವರೆ ಕೆಜಿಯ ತಂತಿ ಹನ್ನೆರಡಕ್ಕೆ ಹೋಗಿರುತ್ತದೆ ಎಂದು ಲೆಕ್ಕ ಹೇಳುತ್ತದೆ. ಕೇಳುವಾಗ ಆ ಶ್ರಮದ ಸುಳಿವೇ ಇಲ್ಲ. ಮಧ್ಯದಲ್ಲಿ ನಿಂತ ಮೆಟ್ಟಿಲೂ ಶ್ರುತಿಯಲ್ಲಿದೆ, ಮೇಲಿನದೂ ಇದೆ. ಅವರ ಹೆಸರಿನಲ್ಲಿ ಮಾರುವ ತಂತಿ ಸೆಟ್ ನೋಡಿದರೆ ಇನ್ನೊಂದು ಸೂಚನೆ ಸಿಗುತ್ತದೆ: 10, 12, 16, 28, 38, 48. ಎಳೆಯುವ ಎರಡು, ಮೂರನೇ ತಂತಿಗಳು ಮಾಮೂಲಿಗಿಂತ ಸಣ್ಣ, ರಿದಮ್‌ಗೆ ಬೇಕಾದ ಕೆಳಗಿನವು ದಪ್ಪ.

ನಿಂತ ಸ್ವರದ ಅಲುಗಾಟ

ವೈಬ್ರಾಟೊ ಎಂದರೆ ಚಿಕ್ಕ ಚಿಕ್ಕ ಬೆಂಡ್‌ಗಳ ಸಾಲು, ಹಾಗಾಗಿ ಬೆಂಡ್ ಕಲಿಯದವರ ವೈಬ್ರಾಟೊ ಬರೀ ನಡುಕ. ಬಿ.ಬಿ. ಕಿಂಗ್ ಅದನ್ನು ಕಂಡುಕೊಂಡದ್ದು ಒಂದು ಸೋಲಿನಿಂದ. ಅವರ ಸಂಬಂಧಿ ಬುಕ್ಕಾ ವೈಟ್ ಸ್ಲೈಡ್ ಎಂಬ ನಳಿಗೆ ಹಿಡಿದು ತಂತಿಯ ಮೇಲೆ ಜಾರಿಸಿ ಹಾಡಿಸುತ್ತಿದ್ದರು. ಕಿಂಗ್‌ಗೆ ಸ್ಲೈಡ್ ಒಗ್ಗಲಿಲ್ಲ. ಆ ನಾದವನ್ನು ಬರಿಗೈಯಲ್ಲಿ ತರಲು ಹೋಗಿ ತೋರುಬೆರಳನ್ನು ತಂತಿಯ ಮೇಲೆ ಊರಿ, ಹೆಬ್ಬೆರಳನ್ನು ಕತ್ತಿನಿಂದ ಬಿಡಿಸಿ, ಉಳಿದ ಬೆರಳುಗಳನ್ನು ಅರಳಿಸಿ, ಇಡೀ ಕೈಯನ್ನು ಆ ಒಂದು ಬೆರಳ ಮೇಲೆ ಅಲುಗಿಸಿದರು. ಚಿಟ್ಟೆ ರೆಕ್ಕೆ ಬಡಿದಂತೆ ಕಾಣುವ ಆ ಕೈಯನ್ನು ಅವರ ಯಾವ ವಿಡಿಯೊದಲ್ಲೂ ನೋಡಬಹುದು.

ಫ್ರೆಟ್ ಮೇಲೆ ಒತ್ತಿದ ಸ್ವರಕ್ಕೆ ವೈಬ್ರಾಟೊ ಹಾಕಿದರೆ ಶ್ರುತಿ ಮೇಲಕ್ಕೆ ಮಾತ್ರ ಹೋಗಬಲ್ಲದು, ಆದ್ದರಿಂದ ಪ್ರತಿ ಸಲವೂ ಮೂಲ ಸ್ವರಕ್ಕೆ ಪೂರ್ತಿ ಇಳಿದು ಬರಬೇಕು. ಅರ್ಧಕ್ಕೇ ತಿರುಗಿ ಏರಿದರೆ ಇಡೀ ಸ್ವರ ಮೇಲೆ ತೇಲಿದಂತಾಗುತ್ತದೆ. ಬೆಂಡ್ ಮಾಡಿದ ಸ್ವರದ ಮೇಲೆ ಇದು ತಿರುವುಮುರುವು: ತುತ್ತತುದಿಯೇ ಗುರಿ, ಅಲ್ಲಿಂದ ಚೂರು ಸಡಿಲಿಸಿ ಮತ್ತೆ ತುದಿಗೆ. ಮೆಟ್ರೊನೋಮ್ 60ಕ್ಕೆ ಇಟ್ಟು ಬಡಿತಕ್ಕೆ ಎರಡು, ಆಮೇಲೆ ಮೂರು, ಆಮೇಲೆ ನಾಲ್ಕು ಅಲುಗಾಟ ಲೆಕ್ಕಕ್ಕೆ ಸರಿಯಾಗಿ ಬರುವವರೆಗೆ ಮಾಡಬೇಕು. ನೀರಸ ಕೆಲಸ, ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಆದರೆ ನಿಧಾನವಾಗಿ ಅಗಲಕ್ಕೆ ಹಾಕಲು ಬರದವರು ಬೇಗ ಹಾಕಿದ್ದು ಕುರಿ ಕೂಗಿದಂತೆ ಕೇಳಿಸುತ್ತದೆ.

ವೀಣೆ ಕೇಳಿ ಬೆಳೆದವರಿಗೆ ಇಲ್ಲೊಂದು ಅನುಕೂಲವಿದೆ. ರಾಕ್ ಸೋಲೊಗಳ ಅನ್ನದಾತ ಮೈನರ್ ಪೆಂಟಟಾನಿಕ್‌ನ ಐದು ಸ್ವರಸ್ಥಾನಗಳು ನಮ್ಮ ಶುದ್ಧ ಧನ್ಯಾಸಿ ರಾಗದವೇ. ಬ್ಲೂಸ್ ಗಿಟಾರಿಗರು ಅದರ ಗಾಂಧಾರವನ್ನು ಎರಡು ಫ್ರೆಟ್‌ಗಳ ನಡುವಿನ ಹೆಸರಿಲ್ಲದ ಜಾಗಕ್ಕೆ ಒಂಚೂರು ಎಳೆಯುತ್ತಾರೆ. ಪಾಶ್ಚಾತ್ಯ ನೊಟೇಶನ್ನಿಗೆ ಅದು ತಲೆನೋವು, ಗಮಕ ಕೇಳಿದ ಕಿವಿಗೆ ಸಹಜ. ವೈಣಿಕರೂ ಮೆಟ್ಟಿಲಿನ ಉದ್ದಕ್ಕೆ ತಂತಿ ಎಳೆದೇ ಗಮಕ ತೆಗೆಯುವುದು, ಅದೂ ಗಿಟಾರಿನವರು ಕನಸಿನಲ್ಲೂ ಕಾಣದಷ್ಟು ದೂರ. ಮೇಣದ ಮೇಲೆ ಎತ್ತರಕ್ಕೆ ಕೂರಿಸಿದ ಮೆಟ್ಟಿಲುಗಳ ನಡುವೆ ಬೆರಳಿಗೆ ಮರ ತಾಗುವುದೇ ಇಲ್ಲ. ಜಾನ್ ಮೆಕ್‌ಲಾಫ್ಲಿನ್ ಭಾರತೀಯ ಕಲಾವಿದರೊಂದಿಗೆ ಕಟ್ಟಿದ ಶಕ್ತಿ ತಂಡಕ್ಕಾಗಿ ಮಾಡಿಸಿದ ಗಿಟಾರಿನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ಬಟ್ಟಲಿನಂತೆ ಕೆತ್ತಿಸಿಕೊಂಡದ್ದೂ ಇಂಥದೇ ಎಳೆತಕ್ಕೆ. ರಿಚಿ ಬ್ಲ್ಯಾಕ್‌ಮೋರ್, ಇಂಗ್ವೆ ಮಾಲ್ಮ್‌ಸ್ಟೀನ್ ರಾಕ್‌ನಲ್ಲಿ ಅದನ್ನು ಬಳಸಿದರು. ಮರದ ಘರ್ಷಣೆ ಇಲ್ಲದ್ದರಿಂದ ಎಳೆಯುವುದು ಹಗುರ. ಆದರೆ ಮುಷ್ಟಿ ಬಿಗಿದು ಒತ್ತುವ ಚಾಳಿ ಇರುವವರಿಗೆ ಅದು ಕೂಡಿಬರುವುದಿಲ್ಲ. ತಂತಿ ಗುಂಡಿಗೆ ಇಳಿದು ಪ್ರತಿ ಸ್ವರವೂ ಮೇಲೇರಿ ಅಪಶ್ರುತಿಯಾಗುತ್ತದೆ.

ಗಿಟಾರಿನ ತಪ್ಪು ಯಾವಾಗ

ಎಲ್ಲವನ್ನೂ ಕಿವಿಯ ತಲೆಗೆ ಕಟ್ಟುವುದೂ ಸರಿಯಲ್ಲ. ಹನ್ನೆರಡನೇ ಫ್ರೆಟ್‌ಗಿಂತ ಮೇಲೆ ಮೊದಲನೇ ತಂತಿ ಎಳೆದಾಗ ಸ್ವರ ಕತ್ತು ಹಿಸುಕಿದಂತೆ ಸತ್ತರೆ ಅದು ಫ್ರೆಟ್‌ಬೋರ್ಡಿನ ಉಬ್ಬಿನ ಸಮಸ್ಯೆ. ಹಳೆಯ ಮಾದರಿಯ ಏಳೂಕಾಲು ಇಂಚು ತ್ರಿಜ್ಯದ ಬೋರ್ಡ್ ನಡುವಿನಲ್ಲಿ ಚೆನ್ನಾಗಿ ಉಬ್ಬಿರುತ್ತದೆ. ಅಂಚಿನಲ್ಲಿದ್ದ ತಂತಿ ಉಬ್ಬಿನ ಕಡೆಗೆ ಬಂದಾಗ ಮುಂದಿನ ಯಾವುದೋ ಫ್ರೆಟ್‌ಗೆ ತಾಗಿಬಿಡುತ್ತದೆ. ಮೊದಲ ತಂತಿಯ ಆಕ್ಷನ್ ಹನ್ನೆರಡನೇ ಫ್ರೆಟ್ ಬಳಿ 2 ಮಿಲಿಮೀಟರ್ ಆಸುಪಾಸಿಗೆ ಏರಿಸಿದರೆ ಬಹುಪಾಲು ಹೋಗುತ್ತದೆ. ಒಂಬತ್ತೂವರೆ ಅಥವಾ ಹನ್ನೆರಡು ಇಂಚಿನ ಚಪ್ಪಟೆ ಬೋರ್ಡುಗಳಲ್ಲಿ ಆಕ್ಷನ್ ಅದಕ್ಕಿಂತ ಇಳಿಸಿಯೂ ಎಳೆಯಬಹುದು.

ಇನ್ನೊಂದು, ಬೆಂಡ್ ಮಾಡಿ ಬಿಟ್ಟ ಮೇಲೆ ತಂತಿಯ ಶ್ರುತಿ ಇಳಿದುಹೋಗಿರುವುದು. ಇದಕ್ಕೆ ಎಲ್ಲರೂ ತಂತಿ ಬಿಗಿಯುವ ಟ್ಯೂನಿಂಗ್ ಪೆಗ್‌ಗಳನ್ನು ಬೈಯುತ್ತಾರೆ, ಕೆಲವರು ನಾಲ್ಕೈದು ಸಾವಿರ ಕೊಟ್ಟು ಹೊಸದನ್ನೂ ಹಾಕಿಸುತ್ತಾರೆ. ಹೆಚ್ಚಿನ ಸಲ ದೋಷ ಇರುವುದು ನಟ್‌ನ ಕಚ್ಚಿನಲ್ಲಿ, ಅಂದರೆ ತಂತಿ ಕೂರುವ ಸೀಳಿನಲ್ಲಿ. ಎಳೆದಾಗ ಪೆಗ್ ಕಡೆಯಿಂದ ಒಂಚೂರು ತಂತಿ ಕಚ್ಚಿನ ಮೂಲಕ ಈಚೆಗೆ ಜಾರುತ್ತದೆ. ಕಚ್ಚು ಬಿಗಿಯಿದ್ದರೆ ಬಿಟ್ಟಾಗ ಅದು ಆಚೆಗೆ ಮರಳುವುದಿಲ್ಲ, ಈಚೆ ತಂತಿ ಸಡಿಲ ಉಳಿಯುತ್ತದೆ. ಪರೀಕ್ಷೆ ಸುಲಭ: ಶ್ರುತಿ ಇಳಿದ ತಂತಿಯನ್ನು ನಟ್ ಮತ್ತು ಪೆಗ್ ನಡುವೆ ಬೆರಳಿಂದ ಒಮ್ಮೆ ಒತ್ತಿ ಬಿಡಿ. ಟಿಕ್ ಎಂದು ಸದ್ದಾಗಿ ಶ್ರುತಿ ಮೇಲೇರಿದರೆ ಕಳ್ಳ ಸಿಕ್ಕಂತೆ. ಟ್ರೆಮೊಲೊ ಕೋಲು ಒತ್ತಿ ಬಿಟ್ಟಾಗ ಇದೇ ದೋಷ ತಿರುಗುಮುರುಗಾಗಿ ಕಾಣಿಸುತ್ತದೆ, ಶ್ರುತಿ ಮೇಲೆ ಉಳಿಯುತ್ತದೆ. ತಂತಿ ಸಡಿಲಿಸಿ ಕಚ್ಚಿನಿಂದ ಎತ್ತಿ, ಪೆನ್ಸಿಲ್ ಸೀಸದ ಪುಡಿ ತುಂಬಿ ಮತ್ತೆ ಕೂರಿಸಿದರೆ ಬಹಳ ಸಲ ಇಷ್ಟರಲ್ಲೇ ಮುಗಿಯುತ್ತದೆ. 9ರಿಂದ 10ಕ್ಕೆ ಸೆಟ್ ಬದಲಿಸಿದ ಮೇಲೆ ಶುರುವಾದ ತೊಂದರೆಯಾದರೆ ಕಚ್ಚೇ ಸಣ್ಣದಾಗಿದೆ, ಅಳತೆಯ ಅರ ಇರುವವರಿಂದ ಉಜ್ಜಿಸಬೇಕು. ಬ್ಲೇಡ್ ಹಾಕಿ ಕೆರೆದುಕೊಂಡರೆ ಕಚ್ಚು ಆಳವಾಗಿ, ಖಾಲಿ ತಂತಿ ಮೊದಲ ಫ್ರೆಟ್‌ಗೆ ಬಡಿದು ಝೇಂಕರಿಸುತ್ತದೆ.

ಕ್ವೀನ್ ಬ್ಯಾಂಡಿನ ಗಿಟಾರಿಗ ಬ್ರಯನ್ ಮೇ ಹದಿಹರೆಯದಲ್ಲಿ ಅಪ್ಪನ ಜೊತೆ ಕೂತು ಗಿಟಾರ್ ಮಾಡುವಾಗಲೇ ಈ ಘರ್ಷಣೆಯ ವಿಷಯ ತಲೆಗೆ ತೆಗೆದುಕೊಂಡಿದ್ದರು. ಹಳೆಯ ಬೆಂಕಿಗೂಡಿನ ಚೌಕಟ್ಟಿನ ಮರದಿಂದ ಕತ್ತು ಕೆತ್ತಿದ ಆ ಗಿಟಾರಿನಲ್ಲಿ ನಟ್ ಮುಂದೆ ತಂತಿ ಒರಗಲು ಸೊನ್ನೆ ಫ್ರೆಟ್ ಇದೆ, ಬ್ರಿಡ್ಜ್‌ನಲ್ಲಿ ಪ್ರತಿ ತಂತಿಗೂ ಪುಟ್ಟ ಉರುಳೆ, ಟ್ರೆಮೊಲೊ ಚಾಕುವಿನ ಅಲಗಿನ ಮೇಲೆ ತೂಗುತ್ತದೆ, ಸ್ಪ್ರಿಂಗ್‌ಗಳು ಹಳೆಯ ಮೋಟರ್‌ಸೈಕಲ್ಲಿನ ವಾಲ್ವ್‌ನವು. ತಂತಿ ಎಲ್ಲಿಯೂ ಸಿಕ್ಕಿಕೊಳ್ಳದಂತೆ ನೋಡಿಕೊಂಡರೆ ಎಷ್ಟು ಎಳೆದರೂ ಮನೆಗೆ ಮರಳುತ್ತದೆ ಎಂಬ ಸರಳ ಯೋಚನೆ. ಇಪ್ಪತ್ನಾಲ್ಕು ಇಂಚಿನ ಸ್ಕೇಲ್, ಸಣ್ಣ ತಂತಿ, ಹಾಗಾಗಿ ಎಳೆಯಲೂ ಮೆತ್ತಗೆ.

ಹೊಸ ತಂತಿಯ ವಿಷಯ ಬೇರೆ. ಹಾಕಿದ ಕೂಡಲೇ ಅದು ಇಳಿಯುತ್ತಿದ್ದರೆ ನಟ್ಟನ್ನು ಬೈಯಬೇಡಿ. ಸಣ್ಣ ತಂತಿಗಳಿಗೆ ಪೆಗ್ ಮೇಲೆ ಎರಡು ಮೂರು ಸುತ್ತು ಒಂದರ ಕೆಳಗೊಂದು ನೀಟಾಗಿ ಕೂರಿಸಿ, ಹನ್ನೆರಡನೇ ಫ್ರೆಟ್ ಬಳಿ ಹಿಡಿದು ಮೇಲಕ್ಕೆ ಮೆಲ್ಲಗೆ ಎಳೆದು, ಮತ್ತೆ ಶ್ರುತಿ ಮಾಡಿ. ಎಳೆದರೂ ಇಳಿಯದ ಹಂತ ಬರುವವರೆಗೆ ಇದನ್ನೇ ಮಾಡಬೇಕು. ಕರಾವಳಿಯವರು, ಮಳೆಗಾಲದಲ್ಲಿ ಮಲೆನಾಡಿನವರು ನುಡಿಸಿದ ಮೇಲೆ ಒಣಬಟ್ಟೆಯಲ್ಲಿ ತಂತಿಯ ಅಡಿಭಾಗವನ್ನೂ ಒರೆಸಿಡಿ. ತುಕ್ಕು ಮೊದಲು ಕೂರುವುದು ಕಣ್ಣಿಗೆ ಕಾಣದ ಆ ಮಗ್ಗುಲಿನಲ್ಲಿ, ಬೆಂಡ್ ಮಾಡುವಾಗ ಫ್ರೆಟ್ ಮೇಲೆ ಉಜ್ಜಿಕೊಂಡು ಹೋಗುವುದೂ ಅದೇ ಮಗ್ಗುಲು.